ಕುಡಿಯದ ನೀರಿನ ತೂಕ

ಮ್ಯಾನೇಜರು ಬೆನ್ನು ತಟ್ಟಿದ ಜಾಗದಲ್ಲಿ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಒಂದು ಗಂಟೆ ಕಳೆದರೂ ಆ ಅಂಗೈ ಇನ್ನೂ ಅಲ್ಲೇ ಕೂತಿರುವಂತೆ ಅವನಿಗೆ ಹೇಸಿಗೆಯಾಗುತ್ತಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಇಡೀ ಕಾರ್ಖಾನೆಯ ಎದುರು, ಇಡೀ ಕಾರ್ಖಾನೆ ಅಂದರೆ ಹನ್ನೊಂದೇ ಜನ, ಅವರೆಲ್ಲರ ಎದುರು ಮ್ಯಾನೇಜರು ಆಸ್ಪತ್ರೆಯಿಂದ ಬಂದ ಪತ್ರವೊಂದನ್ನು ಗಂಟಲು ಸರಿಮಾಡಿಕೊಂಡು ಓದಿದ್ದರು. ಹೊಸ ತೂಕದ ಯಂತ್ರದಲ್ಲಿ ಕೊನೆಯ ಅಂಕಿ ಕುಣಿಯುವುದಿಲ್ಲ, ರೋಗಿ ಮೇಲೆ ನಿಂತು ಮೂರು ಸೆಕೆಂಡಿಗೆ ತೂಕ ಕದಲದೆ ನಿಲ್ಲುತ್ತದೆ, ಹಳೆಯದರ ಕಾಟ ತಪ್ಪಿತು ಎಂದು ಬರೆದಿದ್ದರಂತೆ. ಇದೆಲ್ಲ ಇವನ ಕೈಚಳಕ ಎಂದು ಮ್ಯಾನೇಜರು ಬೆನ್ನು ತಟ್ಟಿ, ಮಧ್ಯಾಹ್ನ ಇವನಿಗೆ ಹೊರಗೆ ಊಟ ಹಾಕಿಸುವುದಾಗಿ ಸಾರಿ, ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿದರು. ಇವನು ಹಲ್ಲು ಕಿರಿದ. ಆಗ ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು ಅನ್ನುವುದೇ ಈಗ ಸಹಿಸಲಾಗದ ಸಂಗತಿ. ಚಪ್ಪಾಳೆ ಮುಗಿದಾಗ ಇನ್ನೆರಡು ಹೊಡೆಯಬಾರದಿತ್ತೇ ಅಂತಲೂ ಅನ್ನಿಸಿತ್ತು.

ಈಗ ಹತ್ತೂವರೆ. ಎದುರಿಗೆ ಗಾಜು ಒಡೆದುಕೊಂಡು ರಿಪೇರಿಗೆ ಬಂದ ಯಂತ್ರ, ಅದರ ತಟ್ಟೆಯ ಮೇಲೆ ಇಪ್ಪತ್ತು ಕಿಲೋದ ಮೂರು ಕಬ್ಬಿಣದ ತೂಕದ ಬೊಟ್ಟುಗಳು. ಗಾಜು ಬದಲಾಯಿಸಿದ ಮೇಲೆ ದೊಡ್ಡ ತೂಕ ಹೇರಿ ನೋಡಬೇಕೆಂಬುದು ಸರ್ವಿಸಿನ ನಿಯಮ, ಆದ್ದರಿಂದ ಹೇರಿದ್ದ. ಪರದೆಯಲ್ಲಿ 60.70. ಕಾಲುಗಳ ಕೆಳಗೆ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಬಗ್ಗಿ ನೋಡಿದ. ಮಟ್ಟದ ಗುಳ್ಳೆ ನಡುಮಧ್ಯದಲ್ಲೇ ಇತ್ತು. ಬೊಟ್ಟು ಇಳಿಸಿ, ಸೊನ್ನೆ ಬಂದದ್ದು ನೋಡಿ, ಮತ್ತೆ ಹೇರಿದ. 60.70. ಅದು ಒಂದಿಷ್ಟಾದರೂ ಅಲುಗಾಡಿದ್ದರೆ ಅವನಿಗೆ ಉಸಿರು ಬರುತ್ತಿತ್ತೇನೋ. ಪಕ್ಕದ ಮೇಜಿನವನು ಬೆಸುಗೆ ಹಾಕುತ್ತ ಹಲ್ಲುಸಂದಿಯಿಂದ ಏನನ್ನೋ ಚೀಪುತ್ತಿದ್ದ, ಚಿಕ್ ಚಿಕ್ ಅಂತ, ಬೆಸುಗೆಯ ಹೊಗೆ ಸಿಹಿಸಿಹಿಯಾಗಿ ಗಂಟಲಿಗಿಳಿಯುತ್ತಿತ್ತು. ಉಗ್ರಾಣಕ್ಕೆ ಹೋಗಿ ಅದೇ ಸಾಲಿನಲ್ಲಿ ಮಾರಾಟವಾಗದೆ ಉಳಿದಿದ್ದ ಇನ್ನೊಂದು ಯಂತ್ರ ಎಳೆದು ತಂದ. 60.65. ಇನ್ನೊಂದು, 60.75. ಮೂರು ಯಂತ್ರಕ್ಕೆ ಬೊಟ್ಟು ಹತ್ತಿಸಿ ಇಳಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು, ಆ ಸೊಂಟನೋವು ಅವನಿಗೆ ಎಲ್ಲವನ್ನೂ ಒಂದೇ ಏಟಿಗೆ ನೆನಪಿಸಿತು. ಎಂಟು ವಾರದ ಹಿಂದೆಯೂ ಇದೇ ಸೊಂಟವನ್ನು ಉಳಿಸಿಕೊಳ್ಳಲು ಹೊರಟಿದ್ದಲ್ಲವೇ ತಾನು.

ಆಗ ಸಮಸ್ಯೆ ಕೊನೆಯ ಅಂಕಿಯದು. ತಟ್ಟೆಯ ಕೆಳಗಿನ ಲೋಹ ಭಾರಕ್ಕೆ ಕೂದಲೆಳೆಯಷ್ಟು ಬಾಗುತ್ತದೆ, ಅದರಿಂದ ಹುಟ್ಟುವ ವಿದ್ಯುತ್ತು ಇದೆಯೋ ಇಲ್ಲವೋ ಅನ್ನುವಷ್ಟು. ಅದನ್ನು ಮೊದಲು ಹಿಗ್ಗಿಸಬೇಕು, ಆಮೇಲೆ ಅಂಕಿ ಮಾಡಬೇಕು. ಎರಡೂ ಕೆಲಸ ಉಗುರಿನಗಲದ ಒಂದು ಎಲೆಕ್ಟ್ರಾನಿಕ್ ಚಿಪ್ಪಿನದು. ಇಪ್ಪತ್ತನಾಲ್ಕು ಬಿಟ್ಟಿನ ಚಿಪ್ಪು, ಆನೆಯ ಮೇಲೆ ಕೂತ ನೊಣವನ್ನೂ ಎಣಿಸುತ್ತದೆ ಎಂದು ಅವನು ಹೊಸಬರ ಎದುರು ಕೊಚ್ಚಿಕೊಳ್ಳುತ್ತಿದ್ದ. ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದೇ ಗೇನ್. ಅರವತ್ತನಾಲ್ಕು ಪಟ್ಟು ಇಟ್ಟಿದ್ದರು, ಅಂಕಿ ಕುಣಿಯುತ್ತಿತ್ತು. ಇವನು ನೂರಿಪ್ಪತ್ತೆಂಟಕ್ಕೆ ಏರಿಸಿದ, ಕುಣಿತ ನಿಂತಿತು. ಗೇನ್ ಬದಲಾಯಿಸಿದರೆ ಕ್ಯಾಲಿಬ್ರೇಶನ್ ಹೊಸದಾಗಿ ಮಾಡಬೇಕು, ಅಂದರೆ ಒಂದೊಂದು ಯಂತ್ರದ ಮೇಲೂ ನೂರು ಕಿಲೋ ಕಬ್ಬಿಣ ಹೇರಿ, ಇಷ್ಟಕ್ಕೆ ಇಷ್ಟು ಎಂದು ಚಿಪ್ಪಿಗೆ ಕಲಿಸಬೇಕು. ಚಿಪ್ಪಿನ ಕೈಪಿಡಿಯಲ್ಲಿ ಅದು ದಪ್ಪ ಅಕ್ಷರದಲ್ಲೇ ಇದೆ, ಇವನೇ ಒಮ್ಮೆ ಅದರ ಕೆಳಗೆ ಗೆರೆ ಎಳೆದಿದ್ದ. ಆದರೆ ಯಂತ್ರಗಳು ನಲವತ್ತು, ಶುಕ್ರವಾರಕ್ಕೆ ಲಾರಿ, ಮತ್ತು ಸೊಂಟ. ಗೇನ್ ಇಮ್ಮಡಿಯಾದರೆ ಅಂಕಿಯೂ ಇಮ್ಮಡಿ, ಆದ್ದರಿಂದ ಅಂಕಿಯನ್ನು ಕಿಲೋ ಮಾಡುವ ಹಳೆಯ ಗುಣಕಗಳನ್ನು ಅರ್ಧ ಮಾಡಿದರೆ ಆಯಿತಲ್ಲ ಎಂದು ಕುರ್ಚಿಯಲ್ಲಿ ಒರಗಿ ಕೂತು, ಚಹಾ ಹೀರುತ್ತ, ನಲವತ್ತು ಸಾಲುಗಳನ್ನು ಕಂಪ್ಯೂಟರಿನ ಒಂದೇ ಕೀಲಿಯಲ್ಲಿ ಅರ್ಧ ಮಾಡಿದ. ತನ್ನ ಬುದ್ಧಿಗೆ ತಾನೇ ತಲೆದೂಗಿದ. ಅರವತ್ತನಾಲ್ಕೆಂದು ಬರೆದುಕೊಂಡದ್ದು ಸರಿಯಾಗಿ ಅರವತ್ತನಾಲ್ಕಲ್ಲ, ನೂರಿಪ್ಪತ್ತೆಂಟೂ ಸರಿಯಾಗಿ ನೂರಿಪ್ಪತ್ತೆಂಟಲ್ಲ, ಒಂದು ಇನ್ನೊಂದರ ಸರಿಯಾದ ಇಮ್ಮಡಿಯಲ್ಲ. ಈ ಕಸುಬಿನಲ್ಲಿ ಹಾಲುಹಲ್ಲಿನವನಿಗೂ ಗೊತ್ತಿರುವ ಮಾತು. ಪರೀಕ್ಷೆಗೆಂದು ಮೇಜಿನ ಮೇಲೇ ಇದ್ದ ಐದು ಕಿಲೋದ ಬೊಟ್ಟನ್ನು ಒಂದು ಕೈಯಲ್ಲೆತ್ತಿ ಇಟ್ಟು ನೋಡಿದ್ದ. 5.05. ಐವತ್ತು ಗ್ರಾಂ ಹೆಚ್ಚುಕಡಿಮೆ ನಿಯಮವೇ ಕ್ಷಮಿಸುತ್ತದೆ. ಪಾಸ್ ಎಂದು ಬರೆದು ನಲವತ್ತು ಸಲ ರುಜು ಹಾಕಿದ. ಐದಕ್ಕೆ ಐವತ್ತಾದರೆ ಅರವತ್ತಕ್ಕೆ ಎಷ್ಟು ಎಂದು ಯಾಕೆ ಕೇಳಿಕೊಳ್ಳಲಿಲ್ಲ?

ಕೇಳಿಕೊಂಡಿದ್ದ. ಸುಳ್ಳು ಯಾಕೆ. ಒಂದು ಕ್ಷಣ ಆ ಲೆಕ್ಕ ತಲೆಯ ಬಾಗಿಲಿಗೆ ಬಂದು ನಿಂತಿತ್ತು, ಇವನು ಚಹಾ ಲೋಟ ತೊಳೆಯಲು ಎದ್ದು ಹೋಗಿದ್ದ. ಲೋಟ ತೊಳೆಯುವ ಆ ನಲ್ಲಿಯ ಕೆಳಗೆ ಯಾವಾಗಲೂ ಜಿಡ್ಡು, ಅನ್ನದ ಅಗುಳು, ಯಾರದ್ದೋ ಕೂದಲು. ಮನೆಯ ಬಚ್ಚಲಿನ ನಲ್ಲಿ ಹಾಗಲ್ಲ, ಅಕ್ಕ ಅದನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಾಳೆ, ಹೊಳೆಯುತ್ತದೆ. ಅಕ್ಕ ಬಚ್ಚಲಿನಿಂದ ಈಚೆ ಬಂದ ಕೂಡಲೇ ಇವನು ಒಳಗೆ ಹೋಗಿ ಆ ಹೊಳೆಯುವ ನಲ್ಲಿಯ ಬಾಯೊಳಗೆ ಬೆರಳು ಹಾಕಿ ನೋಡುತ್ತಿದ್ದ, ಒದ್ದೆಯಿದೆಯೇ ಎಂದು. ನಲ್ಲಿಯ ಬಾಯಿ ಯಾವಾಗಲೂ ಒದ್ದೆಯೇ ಇರುತ್ತದೆ. ಇವನ ಬೆರಳಿಗೆ ಅದು ಪುರಾವೆಯಾಗಿ ಕಂಡಿತ್ತು.

ಅಕ್ಕನಿಗೆ ಮೂತ್ರಪಿಂಡ ಎರಡೂ ಕೈಕೊಟ್ಟು ಮೂರು ವರ್ಷ. ವಾರಕ್ಕೆ ಮೂರು ದಿನ ಮಧ್ಯಾಹ್ನ ಒಂದು ಗಂಟೆಗೆ ಡಯಾಲಿಸಿಸ್. ವಾರ್ಡಿನ ಬಾಗಿಲಲ್ಲಿ ತೂಕ ನೋಡುತ್ತಾರೆ. ಅವಳ ಒಣ ತೂಕ, ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದ ತೂಕ, ಐವತ್ತಾರು. ಹಳೆಯ ಯಂತ್ರದ ಮೇಲೆ ತಿಂಗಳುಗಟ್ಟಲೆ ನೋಡಿ ಡಾಕ್ಟರು ಗೊತ್ತುಮಾಡಿದ್ದು. ಐವತ್ತಾರರ ಮೇಲೆ ಎಷ್ಟಿದೆಯೋ ಅಷ್ಟು ನೀರನ್ನು ರಕ್ತದಿಂದ ಹಿಂಡಿ ತೆಗೆಯುತ್ತಾರೆ, ಅದಕ್ಕೇ ಅವಳು ನೀರನ್ನು ಅಳೆದು ಕುಡಿಯಬೇಕು. ಏಳು ವಾರದ ಹಿಂದೆ ಹೊಸ ಯಂತ್ರ ಬಂತು, ಇವನ ಕಾರ್ಖಾನೆಯದೇ. ಅಕ್ಕ ನರ್ಸುಗಳಿಗೆಲ್ಲ, ಇದು ನನ್ನ ತಮ್ಮ ಮಾಡಿದ ಮೆಷಿನ್ನು ಎಂದು ಹೇಳಿಕೊಂಡು ಅದರ ಮೇಲೆ ನಿಂತಿದ್ದಳಂತೆ. ನಿಂತ ಮೊದಲ ದಿನವೇ ಏಳುನೂರು ಗ್ರಾಂ ಹೆಚ್ಚು. ಅಷ್ಟನ್ನೂ ತೆಗೆಯಲು ಹೋದರೆ ರಕ್ತದೊತ್ತಡ ಕುಸಿಯುತ್ತದೆ, ಮೀನಖಂಡ ಗಂಟು ಕಟ್ಟುತ್ತದೆ, ನಡುವೆಯೇ ನಿಲ್ಲಿಸುತ್ತಾರೆ, ಮುಂದಿನ ಸಲ ಬಂದು ನಿಂತರೆ ಮತ್ತೆ ಆ ಏಳುನೂರು ಹಾಗೇ ಇದೆ. ಕದ್ದು ನೀರು ಕುಡಿಯುತ್ತಿದ್ದಾರೆ ಎಂದರು ವಾರ್ಡಿನವರು. ಅವರು ಹೇಳಿದ್ದನ್ನು ಎಲ್ಲರಿಗಿಂತ ಮೊದಲು ನಂಬಿದವನು ಇವನು. ಅಲುಗಾಡದ ಅಂಕಿಯನ್ನು ಯಾರು ತಾನೇ ನಂಬುವುದಿಲ್ಲ? ನಿನ್ನ ಹತ್ರ ಸುಳ್ಳು ಹೇಳಿ ನನಗೇನಾಗ್ಬೇಕೋ ಮಿಲಿಗ್ರಾಂ ಎಂದು ಅವಳು ತಮಾಷೆಯಾಗಿಯೇ ಶುರುಮಾಡಿದ್ದಳು. ಇವನ ಕಸುಬು ಹಿಡಿದು ಅವಳಿಟ್ಟ ಹೆಸರು ಅದು. ಇವನು ತಮಾಷೆಗೆ ಬರಲಿಲ್ಲ. ನಾಲಿಗೆ ತೋರಿಸು ಎಂದ. ನಲವತ್ತೊಂಬತ್ತು ವರ್ಷದ ಹೆಂಗಸು, ಊರವರ ರವಿಕೆಯೆಲ್ಲ ಹೊಲಿದು ಇವನನ್ನು ಓದಿಸಿದವಳು, ಹೊಲಿಗೆ ಮೆಷಿನ್ನಿನ ಮುಂದೆ ಕೂತಲ್ಲೇ ಬಾಯಿ ತೆರೆದು ನಾಲಿಗೆ ಚಾಚಿದಳು. ಬಿಳಿಯ ಪೊರೆ ಕಟ್ಟಿದ, ಬಿರಿದ ನಾಲಿಗೆ. ಇವನು ಅದನ್ನು ಬಗ್ಗಿ ನೋಡಿದ, ಮೂಸಿಯೂ ನೋಡಿದ.

ಮ್ಯಾನೇಜರ ಕೋಣೆಯಲ್ಲಿ ಫ್ಯಾನು ಕ್ಯಾಲೆಂಡರಿನ ಹಾಳೆಯನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ಇವನು ನಿಂತೇ ಹೇಳಿದ, ಶೇಕಡಾ ಒಂದು ಪಾಯಿಂಟು ಎರಡು ಹೆಚ್ಚು ತೋರಿಸುತ್ತಿದೆ, ನಲವತ್ತೂ. ಮ್ಯಾನೇಜರು ಕಿವಿಯಲ್ಲಿ ಪೆನ್ನಿನ ಮುಚ್ಚಳ ತಿರುಗಿಸುತ್ತ ಕೇಳಿಸಿಕೊಂಡರು, ಮುಚ್ಚಳ ಹೊರಗೆ ತೆಗೆದು ಅದರ ತುದಿ ನೋಡಿ ಮತ್ತೆ ಪೆನ್ನಿಗೆ ಹಾಕಿದರು. ಒಂದಾದರೂ ದೂರು ಬಂದಿದೆಯೇ ಎಂದು ಕೇಳಿದರು. ಇಲ್ಲ. ಬಂದದ್ದು ಹೊಗಳಿಕೆ. ಹಾಗಿದ್ದ ಮೇಲೆ ಈಗ ಹೋಗಿ ಬಾಯಿ ಬಿಟ್ಟರೆ ಯಾರ ರುಜು ಇದೆ ಎಂದು ನೋಡುತ್ತಾರಲ್ಲವೇ ಎಂದು ಬಲು ಮೃದುವಾಗಿ ವಿಚಾರಿಸಿದರು. ಮುಂದಿನ ತಿಂಗಳು ವಾರ್ಷಿಕ ಸರ್ವಿಸ್ ಅನ್ನುವ ನೆವದಲ್ಲಿ ಒಂದೊಂದಾಗಿ ಸರಿಮಾಡಿ ಬಂದರೆ ಕಾಗೆಗೂ ಗೊತ್ತಾಗುವುದಿಲ್ಲ ಎಂದರು. ಇವನು ಹೂಂ ಅಂದ. ಅಕ್ಕನ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಆ ಮುಚ್ಚಳದ ತುದಿಯ ಹಳದಿ ಕಂಡದ್ದನ್ನೇ ಕಾರಣ ಮಾಡಿಕೊಂಡು ಹೊರಗೆ ಬಂದ. ಹನ್ನೊಂದೂಕಾಲು. ಜೇಬಿನಲ್ಲಿ ಫೋನಿತ್ತು. ವಾರ್ಡಿನ ನಂಬರು ಅದರಲ್ಲಿತ್ತು, ಇವನೇ ಹಾಕಿಕೊಂಡದ್ದು, ಅಕ್ಕ ಎಷ್ಟು ತೂಗಿದಳು ಎಂದು ಅವಳಿಗೆ ತಿಳಿಯದ ಹಾಗೆ ಕೇಳಿ ತಿಳಿದುಕೊಳ್ಳಲು. ಆಮೇಲೆ ಮಾಡೋಣ, ಮೊದಲು ನಾಲ್ಕನೆಯದನ್ನೂ ತೂಗಿ ಖಾತ್ರಿ ಮಾಡಿಕೊಳ್ಳೋಣ ಅಂದುಕೊಂಡ. ನಾಲ್ಕನೆಯದು 60.70. ಐದನೆಯದನ್ನೂ ತೂಗಿದ. ಎಂಟು ವಾರದ ಹಿಂದೆ ಇಲ್ಲದ ಶ್ರದ್ಧೆ ಈಗ ಉಕ್ಕಿ ಹರಿಯುತ್ತಿತ್ತು.

ಊಟಕ್ಕೆ ಹೋದ. ಇದನ್ನು ಯಾರಿಗೆ ಹೇಳಿದರೂ ನಂಬಲಿಕ್ಕಿಲ್ಲ, ಆದರೆ ಹೋದ, ಹೋಗಿ ಚೆನ್ನಾಗಿಯೇ ಉಂಡ. ಮ್ಯಾನೇಜರು ಬಾಯಿ ತುಂಬ ಇಟ್ಟುಕೊಂಡು ಮಾತಾಡುತ್ತಿದ್ದರು, ಅವರ ತುಟಿಯ ಮೂಲೆಯಲ್ಲಿ ಎಣ್ಣೆ ಮಿರುಗುತ್ತಿತ್ತು, ಇವನಿಗೆ ನೋಡಲಾಗದೆ ತಟ್ಟೆ ನೋಡಿದ, ತಟ್ಟೆ ಖಾಲಿಯಾಗಿತ್ತು. ಮತ್ತೆ ಬಡಿಸಿಕೊಂಡ. ಗೋಡೆಯ ಗಡಿಯಾರ ಹನ್ನೆರಡು ಐವತ್ತು ತೋರಿಸುವಾಗ ಅಕ್ಕ ಚಪ್ಪಲಿ ಬಿಟ್ಟು, ಕಿವಿಯೋಲೆಯನ್ನೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಯಂತ್ರದ ಮೇಲೆ ಹತ್ತುತ್ತಿರುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಓಲೆ ಬಿಚ್ಚುವುದು ಈಚಿನ ಚಾಳಿ. ಎರಡು ಗ್ರಾಮಿನ ಓಲೆ. ಹದಿನೈದು ದಿನದ ಹಿಂದೆ ಅವಳೇ ಇವನನ್ನು ಕರೆದು, ನಿದ್ದೆಗಣ್ಣಲ್ಲಿ ಎದ್ದು ಹೋಗಿ ಕುಡೀತೀನೇನೋ, ನನಗೇ ಗೊತ್ತಾಗ್ತಿಲ್ಲ, ನನ್ನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಬಿಡು ಅಂದಿದ್ದಳು. ಛೆ, ಬೇಡ ಎಂದು ಅನ್ನಬಹುದಿತ್ತಲ್ಲ. ಇವನು ಎಣ್ಣೆ ಬಿಟ್ಟು ಚಿಲಕ ಸಲೀಸು ಮಾಡಿ ಹಾಕಿದ. ಮರುದಿನವೂ ಏಳುನೂರು ಹೆಚ್ಚು ಬಂದಾಗ ಅವಳ ಬಟ್ಟೆಯ ತುಂಡುಗಳ ಗಂಟನ್ನೆಲ್ಲ ಬಿಚ್ಚಿ, ಎಲ್ಲಿ ಬಚ್ಚಿಟ್ಟಿದ್ದೀ ಬಾಟಲಿ ಎಂದು ಕೇಳಿದ. ಅವಳು ಬಣ್ಣ ಬಣ್ಣದ ತುಂಡುಗಳನ್ನು ಒಂದೊಂದಾಗಿ ಮಡಿಸಿದಳು. ಇತ್ತ ಕುಡಿಯೋಕೆ ಏನಾದರೂ ತಗೋಬೇಕು ಎಂದು ಮ್ಯಾನೇಜರು ಒತ್ತಾಯ ಮಾಡಿದರು. ಇವನು ತಣ್ಣನೆಯ ನೀರು ತರಿಸಿಕೊಂಡು ಲೋಟ ಪೂರ್ತಿ ಕುಡಿದ, ಕುಡಿದು ಕೆಳಗಿಟ್ಟ ಮೇಲೆ ಎದ್ದು ಹೋಗಿ ಹೋಟೆಲಿನ ಹಿಂದಿನ ಚರಂಡಿಯ ಮೇಲೆ ಬಾಗಿ ನಿಂತ. ವಾಂತಿಯೂ ಆಗಲಿಲ್ಲ. ಅಷ್ಟರಮಟ್ಟಿಗಾದರೂ ಮೈ ಮರ್ಯಾದೆ ತೋರಿಸಬಾರದೇ ಎಂದು ಅವನಿಗೆ ತನ್ನ ಹೊಟ್ಟೆಯ ಮೇಲೇ ಸಿಟ್ಟು ಬಂತು.

ವಾರ್ಡಿಗೆ ಬಂದಾಗ ಮೂರು ಗಂಟೆ ದಾಟಿತ್ತು. ಒಂಬತ್ತು ಮಂಚ, ಒಂಬತ್ತು ಡಯಾಲಿಸಿಸ್ ಯಂತ್ರ, ಕೊಳವೆಗಳಲ್ಲಿ ಕೆಂಪು ಮೆಲ್ಲಗೆ ಸುತ್ತುತ್ತಿತ್ತು, ಔಷಧಿಯ ಹುಳಿ ವಾಸನೆ. ಬಾಗಿಲಲ್ಲೇ ಅವನ ತೂಕದ ಯಂತ್ರ ಸೊನ್ನೆ ತೋರಿಸುತ್ತ ಕೂತಿತ್ತು. ಅದರ ಮೇಲೆ ಉಗುಳಬೇಕೆನ್ನಿಸಿತು. ಅಕ್ಕ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು, ಮುಖ ಬೂದಿಯಾಗಿತ್ತು, ಎತ್ತರದ ನರ್ಸು ಅವಳ ಮೀನಖಂಡವನ್ನು ಎರಡೂ ಕೈಯಿಂದ ನೀವುತ್ತ, ಆ ನೀವುವುದರಲ್ಲೇ ಬೈಗುಳವೂ ಸೇರಿರುವಂತೆ ಒತ್ತುತ್ತಿದ್ದಳು. ಇವನನ್ನು ಕಂಡು, ಒತ್ತಡ ಎರಡು ಸಲ ಬಿತ್ತು, ಇನ್ನೂ ಏಳುನೂರು ಬಾಕಿ ಇದೆ, ಆದರೆ ಇವತ್ತು ಒಂದು ಒಳ್ಳೆಯದಾಗಿದೆ, ನಿಮ್ಮಕ್ಕ ಕೊನೆಗೂ ಒಪ್ಪಿಕೊಂಡರು ಅಂದಳು. ಅವಳ ದನಿಯಲ್ಲಿ ಗೆಲುವಿತ್ತು.

ಅಕ್ಕ ಇವನ ಕಡೆ ನೋಡಲಿಲ್ಲ. "ಕುಡಿದೆ ಕಣೋ," ಅಂದಳು. "ಇನ್ಮೇಲೆ ಕುಡಿಯಲ್ಲ. ಎಲ್ಲರೂ ಅಷ್ಟು ಹೇಳ್ತೀರಲ್ಲ, ಕುಡಿದಿರ್ತೀನಿ."

ಅವನು ನರ್ಸಿಗೆ ಹೇಳಿದ. ಅಕ್ಕನಿಗೆ ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ. ಯಂತ್ರ ಹೆಚ್ಚು ತೋರಿಸುತ್ತಿದೆ, ಅರವತ್ತು ಕಿಲೋಗೆ ಏಳುನೂರು ಗ್ರಾಂ, ಐದು ಯಂತ್ರ ತೂಗಿ ನೋಡಿ ಬಂದಿದ್ದೇನೆ, ಅವಳು ಕುಡಿದಿಲ್ಲ, ಆ ಏಳುನೂರನ್ನು ತೆಗೆಯಬೇಡಿ ಎಂದ. ನರ್ಸು ಮೊದಲು ನಕ್ಕಳು, ಅವರು ಕುಡಿದೆ ಅಂತಾರೆ, ನೀವು ಇಲ್ಲ ಅಂತೀರಿ ಎಂದು. ಆಮೇಲೆ ಇವನ ಮುಖ ನೋಡಿ, ಕಂಪನಿಯವರೇ ಹೇಳಿದ ಮೇಲೆ ತನಗೇನು ಎಂದು ನೀರು ತೆಗೆಯುವ ಪಂಪಿನ ಅಂಕಿ ಇಳಿಸಿ, ಡಾಕ್ಟರಿಗೆ ಹೇಳಿ ಬರಲು ಹೋದಳು. ಅಕ್ಕ ಸೂಜಿ ಇಲ್ಲದ ಕೈಯಿಂದ ಇವನ ಮಣಿಕಟ್ಟು ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ನಗುವೂ ಇತ್ತು. ನನ್ನ ಮಾನ ಉಳಿಸೋಕೆ ನಿನ್ನ ಮೆಷಿನ್ನಿಗೇ ಕೆಟ್ಟ ಹೆಸರು ತಂದ್ಕೊಂಡ್ಯಲ್ಲೋ, ಕೆಲಸಕ್ಕೆ ಕುತ್ತು ಬಂದ್ರೆ ಏನು ಮಾಡ್ತೀಯ ಎಂದು ಪಿಸುಗುಟ್ಟಿದಳು. ಪಕ್ಕದ ಮಂಚದವರು ಇವನತ್ತ ಮೆಚ್ಚಿ ನೋಡಿದರು. ಆಗಬೇಕಾದ ಕೆಲಸ ಆಗಿತ್ತು, ಪಂಪು ನಿಧಾನವಾಗಿತ್ತು, ಅವಳ ಜೀವಕ್ಕೆ ಬಂದ ಕಂಟಕ ಇವತ್ತಿಗೆ ತಪ್ಪಿತ್ತು. ಇಲ್ಲಿಗೇ ಬಾಯಿ ಮುಚ್ಚಿಕೊಂಡರೆ ಅವನು ಅಕ್ಕನಿಗಾಗಿ ಸುಳ್ಳು ಹೇಳಿದ ಒಳ್ಳೆಯ ತಮ್ಮ. ಅವಳೋ ಸಾಯುವವರೆಗೂ ನಿದ್ದೆಯಲ್ಲಿ ನೀರು ಕದಿಯುವವಳು. ಬೆಳಗಿನ ಚಪ್ಪಾಳೆಗಿಂತ ಸಾವಿರ ಪಾಲು ಹೊಲಸಾಗಿ ಆ ಕೈಯ ಬಿಸಿ ಅವನ ಮಣಿಕಟ್ಟಿಗೆ ಮೆತ್ತಿಕೊಂಡಿತು, ಮತ್ತು ಅವನಿಗೆ ಅದು ಹಿತವಾಗಿಯೂ ಇತ್ತು. ಥೂ, ಅಂದುಕೊಂಡ.

"ಅಕ್ಕ, ಸುಳ್ಳಲ್ಲ ಇದು. ನೀನು ಕುಡಿದೇ ಇಲ್ಲ. ನಾನು ತೂಕ ಹೇರಿ ನೋಡದೆ ಲೆಕ್ಕದಲ್ಲೇ ಮುಗಿಸಿ ರುಜು ಹಾಕಿದೆ. ನಲವತ್ತು ಮೆಷಿನ್ನೂ ನಾನೇ ಹಾಳು ಮಾಡಿದ್ದು."

ಅವಳು ಅವನ ಮುಖ ನೋಡಿದಳು. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಸರಿಯಿದೆಯೇ ಎಂದು ನೋಡುವ ನೋಟ ಅದು.

"ಯಾವಾಗ ಗೊತ್ತಾಯ್ತು ನಿನಗೆ?"

ಈಗ ತಾನೇ ಎನ್ನಲು ಬಾಯಿ ತೆರೆದಿದ್ದ. "ಬೆಳಿಗ್ಗೆ ಹತ್ತೂವರೆಗೆ," ಅಂದ.

"ನನ್ನನ್ನ ಮಲಗಿಸಿದ್ದು ಒಂದು ಗಂಟೆಗೆ."

"ಹೂಂ."

"ಊಟ ಆಯ್ತಾ?"

"ಆಯ್ತು."

ಅವಳು ಕೈ ಬಿಟ್ಟಳು. ಕೋಪದಿಂದ ಕೊಡವಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ದಾರ ಕತ್ತರಿಸಿದ ಮೇಲೆ ಬಟ್ಟೆ ಬಿಡುವ ಹಾಗೆ ಸುಮ್ಮನೆ ಬಿಟ್ಟಳು, ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಅವನು ಕ್ಷಮಿಸು ಅಂದ.

"ಇಲ್ಲಿ ಎಲ್ಲರನ್ನೂ ಅದೇ ಮೆಷಿನ್ ಮೇಲೆ ನಿಲ್ಲಿಸ್ತಾರೆ," ಅಂದಳು ಕಿಟಕಿಗೆ. "ಎಲ್ಲರ ಮನೇಲೂ ಬೈತಾರೆ. ನರ್ಸ್ ಕೈಲಿ ಹೇಳಿಸ್ಬೇಡ. ನೀನೇ ಒಬ್ಬೊಬ್ಬರ ಹತ್ರಾನೂ ಹೋಗಿ, ನಾನು ಮಾಡಿದ್ದು ಅಂತ ಹೇಳು. ಆಮೇಲೆ ನನ್ನ ಜೊತೆ ಮಾತಾಡು."

ಎಂಟು ಮಂಚ. ಅವನು ಪಕ್ಕದವರನ್ನು ದಾಟಿ, ಎಲ್ಲಕ್ಕಿಂತ ದೂರದ ಬಾಗಿಲ ಬಳಿಯ ಮಂಚಕ್ಕೆ ಹೋದ, ಅಷ್ಟು ನಡೆಯುವ ಹೊತ್ತಾದರೂ ಸಿಗಲಿ ಎಂದು. ಒಬ್ಬ ಮುದುಕರು ಕಣ್ಣು ಮುಚ್ಚಿ ಮಲಗಿದ್ದರು, ಕೆನ್ನೆ ಒಳಗೆ ಹೋಗಿತ್ತು, ತುಟಿಯ ಮೇಲೆ ಸಿಪ್ಪೆಯೆದ್ದಿತ್ತು. ಪಕ್ಕದ ಸ್ಟೂಲಿನಲ್ಲಿ ಅವರ ಹೆಂಡತಿ, ಮಡಿಲಲ್ಲಿ ಚೀಲ, ಗಂಡ ಎಲ್ಲಿ ಎದ್ದು ಓಡುತ್ತಾರೋ ಎಂಬಂತೆ ಕಾವಲು ಕೂತಿದ್ದರು. ಇವನು ಬಂದು ನಿಂತದ್ದು ಕಂಡು, ಏನಪ್ಪ ಎಂದರು. ಅವನ ಬಾಯಿ ಒಣಗಿತ್ತು. ನೆಲ ನೋಡುತ್ತ ಹೇಳಿದ, ಆ ತೂಕದ ಯಂತ್ರ ತಪ್ಪು ತೋರಿಸುತ್ತಿದೆ, ಅದನ್ನು ತಪ್ಪು ಮಾಡಿದವನು ನಾನು, ಇವರು ಕದ್ದು ನೀರು ಕುಡಿದಿಲ್ಲ ಎಂದು. ಹೆಂಡತಿ ಬೆಪ್ಪಾಗಿ ಇವನನ್ನೂ ಯಂತ್ರವನ್ನೂ ನೋಡಿದರು, ಏನನ್ನೋ ಹುಡುಕುವವರಂತೆ ಚೀಲದೊಳಗೆ ಕೈ ಹಾಕಿ ಹಾಗೇ ಇಟ್ಟುಕೊಂಡರು. ಮುದುಕರು ಕಣ್ಣು ತೆರೆದರು.

"ಇನ್ನೊಂದ್ಸಲ ಹೇಳಪ್ಪ," ಅಂದರು. "ಇವಳಿಗೆ ಒಂದು ಕಿವಿ ಮಂದ. ಈ ಕಡೆ ಬಂದು ಹೇಳು."

ಅವನು ಮಂಚ ಸುತ್ತಿಕೊಂಡು ಆಚೆ ಬದಿಗೆ ಹೋಗಿ, ಆಕೆಯ ಕಿವಿಯ ಹತ್ತಿರ ಬಗ್ಗಿ, ವಾರ್ಡಿಗೆಲ್ಲ ಕೇಳುವಷ್ಟು ಜೋರಾಗಿ ಮತ್ತೆ ಹೇಳಿದ.